ಆಚೆಯ ತುದಿ

ತಾರಸಿಗೆ ಹೋಗುವ ಮೆಟ್ಟಿಲಿನ ತಿರುವಿನಲ್ಲಿ ಅಜ್ಜಿ ನಿಂತುಬಿಟ್ಟಳು. ನಿಂತವಳು ಸಣ್ಣ ಕಿಟಕಿಯಿಂದ ಆಚೆ ಬಗ್ಗಿ, “ಅಲ್ನೋಡೇ ಗುಮ್ಮಿ, ಆ ಬೆಕ್ಕು ಮತ್ತೆ ಬಂದಿದೆ” ಎಂದಳು. ಖಾಲಿ ಬುಟ್ಟಿಗಳನ್ನು ಸೊಂಟಕ್ಕೆ ಆನಿಸಿಕೊಂಡು ಹಿಂದೆಯೇ ಹತ್ತುತ್ತಿದ್ದ ಮೊಮ್ಮಗಳೂ ಬಗ್ಗಿ ನೋಡಿದಳು. ಕೆಳಗಿನ ಓಣಿಯಲ್ಲಿ ಲಾಂಡ್ರಿಯ ಸೋಪಿನ ನೀರು ಹರಿಯುವ ಚರಂಡಿ, ಗೋಡೆಗೆ ಒರಗಿಸಿದ ಒಂದು ಸೈಕಲ್ಲು, ಯಾರೋ ಒಣಗಲು ಬಿಟ್ಟ ನೆಲ ಒರೆಸುವ ಬಟ್ಟೆ. ಬೆಕ್ಕು ಇರಲಿಲ್ಲ. “ಹೌದು, ಬಿಳೀದು” ಎಂದಳು. ಅಷ್ಟು ಹೇಳಬೇಕಾಗಿರಲಿಲ್ಲ. ಹೂಂ ಅಂದಿದ್ದರೆ ಸಾಕಿತ್ತು. ಇಲ್ಲದ ಬೆಕ್ಕಿಗೆ ಬಣ್ಣವನ್ನೂ ತಾನೇ ಬಳಿದದ್ದಕ್ಕೆ ಅವಳ ಕಿವಿ ಬಿಸಿಯಾಯಿತು. ಅಜ್ಜಿ ತಿರುಗಿ ಅವಳ ಮುಖವನ್ನು, ಅದರಲ್ಲೂ ಕಣ್ಣುಗಳನ್ನು, ಒಂದು ಗಳಿಗೆ ಹೆಚ್ಚೇ ನೋಡಿದಳು. ಆಮೇಲೆ ಕಂಬಿ ಹಿಡಿದು ಮತ್ತೆ ಹತ್ತತೊಡಗಿದಳು. ಹೋದ ವರ್ಷದವರೆಗೆ ಆ ಮೆಟ್ಟಿಲಿಗೆ ಕಂಬಿ ಇದೆಯೆಂಬುದೇ ಅಜ್ಜಿಗೆ ಗೊತ್ತಿರಲಿಲ್ಲ. ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ ಮೇಲೆ ತಲುಪಿ, “ಏನೇ, ದಾರಿ ತಪ್ಪಿದ್ಯಾ? ಯಾರನ್ನಾದ್ರೂ ಹುಡುಕೋಕೆ ಕಳಿಸ್ಲಾ?” ಎಂದು ಕೂಗುತ್ತಿದ್ದವಳು. ಈಗ ಅವಳ ಉಸಿರು ಹಿಂದೆ ಹತ್ತುತ್ತಿದ್ದ ಮೊಮ್ಮಗಳಿಗೂ ಕೇಳುತ್ತಿತ್ತು, ಒಣಗಿದ ಬಟ್ಟೆಯನ್ನು ಯಾರೋ ನಿಧಾನವಾಗಿ ಹರಿಯುತ್ತಿರುವಂತೆ. ಆ ಸದ್ದು ತನಗೆ ಕೇಳಿಸುತ್ತಿದೆ ಎಂದು ಅಜ್ಜಿಗೆ ತಿಳಿಯಬಾರದೆಂದು ಅವಳು ಬುಟ್ಟಿಗಳನ್ನು ಗೋಡೆಗೆ ತಾಕಿಸಿ ಗಡಗಡ ಸದ್ದು ಮಾಡುತ್ತಾ ಹತ್ತಿದಳು.

ತಾರಸಿಯ ತುಂಬ ಬಿಳಿ. ಆಸ್ಪತ್ರೆಯ ಬೆಡ್‌ಶೀಟುಗಳು ಒಂದು ಕಡೆ, ಲಾಡ್ಜುಗಳವು ಇನ್ನೊಂದು ಕಡೆ, ತಂತಿಗಳ ಮೇಲೆ ಉಬ್ಬಿ ಇಳಿಯುತ್ತಿದ್ದವು. ಅವುಗಳ ನಡುವೆ ಅಜ್ಜಿ ನುಗ್ಗಿ ಹೋಗುವುದನ್ನು ನೋಡುವುದೇ ಅವಳಿಗೆ ಬುದ್ಧಿ ಬಂದಾಗಿನಿಂದ ಒಂದು ಸುಖ. ಅಜ್ಜಿ ಕಾಣಿಸುವುದಿಲ್ಲ, ಮಾತು ಮಾತ್ರ ಕೇಳುತ್ತದೆ, ಒಂದೊಂದೇ ಶೀಟು ತಂತಿಯಿಂದ ಜಾರಿ ಮಾಯವಾಗುತ್ತ ಬಂದು ಕೊನೆಗೆ ಅಜ್ಜಿ ಕ್ಲಿಪ್ಪುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಹೆಗಲ ಮೇಲೆ ಬಟ್ಟೆಯ ಗುಡ್ಡೆ ಹೊತ್ತು ಹೊರಗೆ ಬರುತ್ತಾಳೆ. ಕ್ಲಿಪ್ಪು ಬಾಯಲ್ಲಿದ್ದರೂ ಮಾತು ನಿಲ್ಲದು. ಒಂದೊಂದು ಶೀಟಿಗೂ ಅವಳ ಬಳಿ ಒಂದು ಕಥೆ. ಇದರಲ್ಲಿ ಮಲಗಿದವನು ಹೆಂಡತಿಯ ಜೊತೆ ಮುನಿಸಿಕೊಂಡವನು, ಬೇಕಾದ್ರೆ ನೋಡು, ಒಂದೇ ಮಗ್ಗುಲಲ್ಲಿ ಸವೆದಿದೆ. ಇದರಲ್ಲಿ ಮಲಗಿದವಳು ಮನೆಗೆ ಹೋಗೋ ದಿನ ಎಣಿಸ್ತಾ ಅಂಚು ಚಿವುಟಿದಾಳೆ, ಪಾಪ, ಮನೇಲಿ ಮಗು ಇರಬೇಕು. ಲಾಂಡ್ರಿಯ ಮಾಲೀಕ ಒಮ್ಮೆ, “ಅಜ್ಜಿ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ನಿಜವಾಗಿಯೂ ಬೆರಗಾಗಿ ಕೇಳಿದ್ದ. ಸೋಪಿನ ಪುಡಿಗೆ ದಿನವಿಡೀ ಸೀನುವ, ಮೆತ್ತಗಿನ ಮನುಷ್ಯ. “ಗೊತ್ತಾಗಲ್ಲ ಯಜಮಾನ್ರೇ, ನಾನೇ ಹುಟ್ಟಿಸ್ಕೊಳ್ತೀನಿ. ಬಿಳೀ ಬಟ್ಟೇನ ದಿನಾ ಸುಮ್ನೆ ನೋಡ್ತಾ ಇದ್ರೆ ಹುಚ್ಚು ಹಿಡಿಯುತ್ತೆ” ಎಂದಿದ್ದಳು ಅಜ್ಜಿ. ಅವನು ನಕ್ಕು, ನಗುವಿನ ನಡುವೆ ಸೀನಿದ್ದ. ಇವತ್ತು ಅಜ್ಜಿ ಶೀಟುಗಳನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ. ಒಂದನ್ನು ತೆಗೆದು ಬುಟ್ಟಿಗೆ ಹಾಕಿ, ತಂತಿ ಹಿಡಿದು ನಿಂತು, ಇನ್ನೊಂದಕ್ಕೆ ಕೈ ಚಾಚಿದಳು. ಕಥೆಯೂ ಇರಲಿಲ್ಲ. ಮೊಮ್ಮಗಳು ಬೇಗ ಬೇಗ ಮಿಕ್ಕವನ್ನೆಲ್ಲ ತೆಗೆದಳು. ಆಮೇಲೆ ತಾನು ಬೇಗ ತೆಗೆದದ್ದು ಎದ್ದು ಕಂಡಿತೇನೋ ಎಂದು ಕೊನೆಯ ಎರಡು ಶೀಟುಗಳ ಹತ್ತಿರ ಸುಮ್ಮನೆ ಕ್ಲಿಪ್ಪಿನೊಂದಿಗೆ ತಡಕಾಡುತ್ತ ನಿಂತಳು.

ಅವಳು ಹೀಗೇ, ಮೊದಲಿನಿಂದ. ಗುಮ್ಮನಗುಸುಕಿ ಎಂದು ಅಜ್ಜಿ ಕರೆದದ್ದೇ ಸವೆದು ಸವೆದು ಗುಮ್ಮಿ ಆಗಿತ್ತು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ಅಕ್ಷರಗಳೆಲ್ಲ ಗೊತ್ತಿದ್ದೂ ಬಾಯಿ ತೆರೆಯುತ್ತಿರಲಿಲ್ಲ. ಓದುವವರೆಗೆ ಕೂರಬೇಡ ಎಂದು ಟೀಚರು ಹೇಳಿದರು. ಅವಳು ನಿಂತೇ ಇದ್ದಳು. ಮಾರನೆಯ ದಿನವೂ ನಿಂತಳು. ಪಕ್ಕದ ಬೆಂಚಿನವರು ನಗುವುದನ್ನೂ ಮರೆತು ತಮ್ಮ ಪಾಡಿಗೆ ತಾವಿದ್ದರು, ಗೋಡೆಯ ನಕ್ಷೆಯ ಹಾಗೆ ಅವಳೂ ತರಗತಿಗೆ ಅಭ್ಯಾಸವಾಗಿಹೋದಳು. ಅಜ್ಜಿ ಲಾಂಡ್ರಿಯಿಂದ ಒದ್ದೆ ಕೈಯಲ್ಲೇ ಬಂದವಳು ಬಾಗಿಲಲ್ಲಿ ನಿಂತು ಇದನ್ನು ನೋಡಿದ್ದಳು. “ಇವಳಿಗೆ ಬಾಯೇ ಇಲ್ಲ” ಎಂದರು ಟೀಚರು. “ಬಾಯಿ ನನ್ನ ಹತ್ರ ಬೇಕಾದಷ್ಟಿದೆ ಮೇಡಂ, ಇಬ್ಬರಿಗೂ ಆಗಿ ಮಿಗುತ್ತೆ. ನನಗೆ ಆಚೆ ತುದಿ ಹಿಡಿಯೋರು ಬೇಕು” ಎಂದು ಅಜ್ಜಿ ಅವಳ ಕೈಹಿಡಿದು ಹೊರಗೆ ಕರೆತಂದಳು. ಅದು ಸರಿಯೋ ತಪ್ಪೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ದಾರಿಯಲ್ಲಿ ಅಜ್ಜಿಯ ಒದ್ದೆ ಕೈ ತನ್ನ ಕೈಯಲ್ಲಿ ಒಣಗುತ್ತ ಹೋದದ್ದು ಮಾತ್ರ ನೆನಪಿದೆ. ಅಜ್ಜಿಯ ನಡಿಗೆಗೆ ತಾನು ಓಡಬೇಕಾಗಿ ಬಂದದ್ದೂ.

ಮಡಚುವ ಕೋಣೆ ಕೆಳಗೆ, ಇಸ್ತ್ರಿಯ ಕೋಣೆಗೆ ಅಂಟಿಕೊಂಡೇ ಇತ್ತು, ನಡುವೆ ಕದವಿಲ್ಲದ ಬಾಗಿಲು. ಬೆಡ್‌ಶೀಟು ಮಡಚುವುದು ಒಬ್ಬರ ಕೆಲಸವಲ್ಲ. ಇಬ್ಬರು ಎದುರು ಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು, ಹಿಂದಕ್ಕೆ ವಾಲಿ ಬಿಗಿಯಾಗಿ ಎಳೆಯಬೇಕು, ಪಟ್ ಎಂದು ಒಮ್ಮೆ ಕೊಡವಿದರೆ ಸುಕ್ಕೆಲ್ಲ ಬಿಟ್ಟುಕೊಳ್ಳುತ್ತದೆ. ಆಮೇಲೆ ಎರಡು ಕೈ ಕೂಡಿಸಿ ಅರ್ಧ, ಮತ್ತೆ ಎಳೆದು, ಮತ್ತೆ ಕೂಡಿಸಿ, ಒಬ್ಬರತ್ತ ಒಬ್ಬರು ನಡೆದುಬರಬೇಕು. ಒಬ್ಬಳ ಬೆರಳಿನಿಂದ ಇನ್ನೊಬ್ಬಳ ಬೆರಳಿಗೆ ಮೂಲೆ ದಾಟುತ್ತದೆ. ಕೊಟ್ಟವಳು ಬಗ್ಗಿ ಕೆಳಗೆ ಜೋತ ಮಡಿಕೆ ಹಿಡಿದು ಹಿಂದೆ ಸರಿಯುತ್ತಾಳೆ. ಆ ಕೊಡವುವ ಗಳಿಗೆಯಲ್ಲಿ ಅಜ್ಜಿಗೊಂದು ಚೇಷ್ಟೆಯಿತ್ತು. ಬೇಕೆಂದೇ ಒಂದಿಷ್ಟು ಹೆಚ್ಚು ಎಳೆದು ಮೊಮ್ಮಗಳನ್ನು ಒಂದು ಹೆಜ್ಜೆ ಮುಂದಕ್ಕೆ ಮುಗ್ಗರಿಸುವಂತೆ ಮಾಡುತ್ತಿದ್ದಳು. “ನಿಂತ್ಕೊಳ್ಳೇ, ಗಾಳಿಗೆ ಹಾರಿಹೋಗ್ತೀಯ!” ದಿನವಿಡೀ ಅದೇ ಆಟ, ದಿನವಿಡೀ ಅದೇ ನಗು. ಮುಗ್ಗರಿಸಿ ಮುಗ್ಗರಿಸಿಯೇ ಅವಳ ಕಾಲಿಗೆ ಬಲ ಬಂತು, ಮಣಿಕಟ್ಟು ಗಟ್ಟಿಯಾಯಿತು, ಮಾತು ಬಾರದ ಅವಳು ಆಚೆ ತುದಿಯಿಂದ ಎಳೆತಕ್ಕೆ ಎಳೆತದಿಂದಲೇ ಉತ್ತರ ಕೊಡುವುದನ್ನು ಕಲಿತಳು. ಲೋಕದಲ್ಲಿ ಅವಳಿಗೆ ಸರಾಗವಾಗಿ ಬರುತ್ತಿದ್ದ ಒಂದೇ ಸಂಭಾಷಣೆ ಅದು. ಕೆಲವು ವಾರಗಳ ಹಿಂದೆ ಒಂದು ದಿನವೂ ಅದೇ ಭರದಲ್ಲಿ ಎಳೆದಿದ್ದಳು, ದಿನಾ ಎಳೆಯುವಷ್ಟೇ. ಅಜ್ಜಿಯ ಕೈಯಿಂದ ಮೂಲೆ ಜಾರಿತು. ಶೀಟು ನೆಲಕ್ಕೆ ಬಿತ್ತು. “ಸೋಪು ಸರಿಯಾಗಿ ಹೋಗಿಲ್ಲ, ಜಾರುತ್ತೆ” ಎಂದು ಅಜ್ಜಿ ಒಳಗಿನವರಿಗೆಲ್ಲ ಕೇಳುವ ಹಾಗೆ ಬೈದು, ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಏಳುವಾಗ ಗೋಡೆ ಹಿಡಿದಳು. ಎದ್ದ ಮುಖದಲ್ಲಿ ಇದ್ದದ್ದು ನೋವಲ್ಲ, ಏನೋ ಕಳೆದುಕೊಂಡು ಅದು ಏನೆಂದು ಇನ್ನೂ ತಿಳಿಯದವರ ಗಲಿಬಿಲಿ. ಆ ಮುಖವನ್ನು ಇನ್ನೊಮ್ಮೆ ನೋಡಲಾರೆ ಎಂದು ಅವಳಿಗೆ ಅನ್ನಿಸಿತು.

ಮಾರನೆಯ ದಿನದಿಂದ ಅವಳು ಮೆಲ್ಲಗೆ ಎಳೆಯತೊಡಗಿದಳು. ಬಟ್ಟೆ ಬಿಗಿಯಾದಂತೆ ಕಾಣಬೇಕು, ಆದರೆ ಅಜ್ಜಿಯ ಬೆರಳಿಗೆ ಭಾರ ಬೀಳಬಾರದು. ಪಟ್ ಎಂಬ ಸದ್ದನ್ನು ತನ್ನೊಬ್ಬಳ ಮಣಿಕಟ್ಟಿನಿಂದಲೇ ಹೊರಡಿಸುವುದನ್ನು ಅಭ್ಯಾಸ ಮಾಡಿಕೊಂಡಳು. ಅಜ್ಜಿ ಹಲ್ಲು ಕಚ್ಚಿ ಚೇಷ್ಟೆಗೆಂದು ಎಳೆದಾಗ ಈಗ ಬಟ್ಟೆ ಒಂದಿಷ್ಟು ನಡುಗುತ್ತಿತ್ತು, ಅಷ್ಟೆ. ಆ ನಡುಕ ಕಂಡೊಡನೆ ಅವಳು ತಾನಾಗಿಯೇ ಒಂದು ಹೆಜ್ಜೆ ಮುಂದೆ ಮುಗ್ಗರಿಸುತ್ತಿದ್ದಳು. ಮೊದಮೊದಲು ಅಜ್ಜಿ ನಕ್ಕಳು. “ಹಾರಿಹೋಗ್ತೀಯ!” ಆಮೇಲೆ ನಗು ಕಡಿಮೆಯಾಯಿತು. ಆಮೇಲೆ ಅಜ್ಜಿ ಚೇಷ್ಟೆ ಮಾಡುವುದನ್ನೇ ಬಿಟ್ಟು, ಅವಳ ಕೈಗಳನ್ನು ಸುಮ್ಮನೆ ನೋಡತೊಡಗಿದಳು. ತನ್ನ ನಾಟಕ ಗೊತ್ತಾಯಿತೇನೋ ಎಂದು ಅವಳು ಮಡಿಕೆಯ ಅಂಚು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಗೊತ್ತಾದರೆ ಅಜ್ಜಿ ಏನಾದಾಳು? ನಿನ್ನ ಕೈಯಲ್ಲಿ ಇನ್ನು ಬಲವಿಲ್ಲ ಎಂದು ಬೇರೆ ಯಾರು ಹೇಳಿದ್ದರೂ ಅಜ್ಜಿ ನಕ್ಕು ಹತ್ತು ಮಾತು ಆಡಿ ಅವರನ್ನು ಓಡಿಸುತ್ತಿದ್ದಳು. ಆಚೆ ತುದಿ ಹಿಡಿದವಳೇ ಹೇಳಿದರೆ ಏನು ಮಾಡಿಯಾಳು.

ಮಧ್ಯಾಹ್ನದ ಟೀಗೆ ಇಸ್ತ್ರಿ ಅಕ್ಕ ಕರೆದಳು. ಪಕ್ಕದ ಕೋಣೆಯಲ್ಲಿ ದಿನವಿಡೀ ಹಬೆಯಲ್ಲಿ ನಿಂತು ಮುಖ ಕೆಂಪಾದ, ನಡುವಯಸ್ಸಿನ, ಯಾರ ಗುಟ್ಟೂ ಹೊಟ್ಟೆಯಲ್ಲಿ ನಿಲ್ಲದ ಹೆಂಗಸು. ಅಜ್ಜಿ ಊಟ ಮುಗಿಸಿ ಬಟ್ಟೆಯ ಮೂಟೆಗೆ ಒರಗಿ ಕಣ್ಣು ಮುಚ್ಚಿದ್ದಳು. ಮಧ್ಯಾಹ್ನ ಕಣ್ಣು ಮುಚ್ಚುವವರನ್ನು ಕಂಡರೆ “ಮೂಟೆ ಯಾವುದು, ಮನುಷ್ಯರು ಯಾವುದು ಗೊತ್ತಾಗ್ತಿಲ್ಲ, ಯಾರಾದ್ರೂ ತೊಟ್ಟಿಗೆ ಹಾಕಿಬಿಟ್ಟಾರು” ಎಂದು ಮೂದಲಿಸುತ್ತಿದ್ದವಳು. ಇಸ್ತ್ರಿ ಅಕ್ಕ ಲೋಟ ಕೊಡುತ್ತಾ ದನಿ ತಗ್ಗಿಸಿದಳು.

“ನಿನ್ನ ಕೈಗೆ ಏನಾಗಿದೆಯೇ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಮಣಿಕಟ್ಟು ಹಿಡಿದುಕೊಂಡಳು. “ಏನೂ ಇಲ್ಲ.”

“ಮುಚ್ಚಿಡಬೇಡ ಮಾರಾಯ್ತಿ. ಅಜ್ಜಿ ಎಲ್ಲ ಹೇಳಿದಾರೆ. ಬಟ್ಟೆ ಹಿಡಿದ್ರೆ ನಿನ್ನ ಕೈ ನಿಲ್ಲಲ್ಲವಂತೆ, ಒಂದು ಚೂರು ಎಳೆದ್ರೂ ಮುಗ್ಗರಿಸಿ ಬೀಳ್ತೀಯಂತೆ. ನರದ್ದೇನೋ ಇರಬೇಕು ಅಂತ ಒದ್ದಾಡ್ತಿದಾರೆ ಪಾಪ. ಅಲ್ಲ, ಅವರದ್ದೇ ಅವರಿಗೆ ಸಾಕಾಗಿದೆ.”

“ಅವರದ್ದೇನು?”

“ನಿನಗೆ ಹೇಳಿಲ್ವಾ?” ಇಸ್ತ್ರಿ ಅಕ್ಕ ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಂಡ ನಾಲಿಗೆ ತಡೆಯಲಾರದೆ ಮತ್ತೆ ಹೊರಳಿತು. “ಡಾಕ್ಟರ್ ಹತ್ರ ಹೋಗಿದ್ರು ಕಣೇ, ನನ್ನನ್ನೇ ಜೊತೆಗೆ ಕರ್ಕೊಂಡು. ಎದೆ ದಣೀಬಾರದು, ಮೆಟ್ಟಿಲು ಹತ್ತಬಾರದು, ಎತ್ತೋದು ಎಳೆಯೋದು ಏನೂ ಬೇಡ ಅಂದಿದಾರೆ. ಇಲ್ಲ ಅಂದ್ರೆ ಯಾವತ್ತು ಏನಾಗುತ್ತೋ ಹೇಳೋಕಾಗಲ್ಲವಂತೆ. ಯಜಮಾನ್ರು ಒಳ್ಳೆಯವರು, ಮುಂದುಗಡೆ ಕುರ್ಚಿ ಹಾಕ್ತೀನಿ, ಬಟ್ಟೆಗೆ ಗುರುತಿನ ದಾರ ಹಾಕ್ತಾ ಕೂತಿರಿ ಅಂದ್ರು. ಇವರು ಒಪ್ಪಬೇಕಲ್ಲ! ಆಮೇಲೆ ನನ್ನ ಹತ್ರ ಮಾತ್ರ ಅಂದ್ರು, ನಾನು ಕೂತ್ರೆ ಹುಡುಗಿ ಎದುರಿಗೆ ಇನ್ನೊಬ್ಬರು ನಿಲ್ತಾರೆ, ಎರಡು ದಿನಕ್ಕೆ ಅವಳ ಕೈಲಿ ಆಗಲ್ಲ ಅನ್ನೋದು ಗೊತ್ತಾಗುತ್ತೆ, ಕಳಿಸಿಬಿಡ್ತಾರೆ, ಅವಳಿಗೆ ಇದು ಬಿಟ್ಟು ಬೇರೆ ಏನೂ ಬರಲ್ಲ, ಒಂದು ಮಾತೂ ಆಡೋಕೆ ಬರಲ್ಲ, ಎಲ್ಲಿಗೆ ಹೋಗ್ತಾಳೆ ಅಂತ. ಅವರು ಹಾಗೆ ಮೆತ್ತಗೆ ಮಾತಾಡಿದ್ದು ನಾನು ನೋಡೇ ಇರಲಿಲ್ಲ.”

ಟೀ ಬಿಸಿಯಿತ್ತು. ಅವಳು ಅದನ್ನು ಒಂದೇ ಸಲಕ್ಕೆ ಕುಡಿದಳು, ನಾಲಿಗೆ ಸುಟ್ಟಿತು, ಸುಟ್ಟದ್ದು ಒಳ್ಳೆಯದಾಯಿತು ಎನ್ನಿಸಿತು. ಒಂದೊಂದು ಮುಗ್ಗರಿಕೆಯೂ ಈಗ ಕಣ್ಣೆದುರು ಬಂತು. ಅವಳು ಮುಂದಕ್ಕೆ ಮುಗ್ಗರಿಸಿದಷ್ಟೂ ಅಜ್ಜಿ ಮಾರನೆಯ ದಿನ ಬೇಗ ಎದ್ದಿದ್ದಳು; ಬುಟ್ಟಿಯ ಭಾರದ ಕಡೆಯನ್ನು ತಾನೇ ಹಿಡಿದಿದ್ದಳು; ಕೂತುಕೋ ಎಂದರೆ “ನೀನು ಮೊದಲು ಕೂತ್ಕೋ” ಎಂದಿದ್ದಳು. ಇಬ್ಬರೇ ಇರುವ ಮನೆಯಲ್ಲಿ ಅಜ್ಜಿ ತನ್ನ ತಟ್ಟೆಯದನ್ನು ಎತ್ತಿ ಇವಳ ತಟ್ಟೆಗೆ ಹಾಕುತ್ತಾ, “ಮೈಗೆ ಹಿಡೀಬೇಕು ಕಣೇ” ಎನ್ನುತ್ತಿದ್ದಳು. ಹಸಿವಿಲ್ಲದ ವಯಸ್ಸು, ಅದಕ್ಕೇ ಹಾಗೆ ಎಂದು ಇವಳು ತಿಳಿದಿದ್ದಳು. ಯಾರು ಯಾರನ್ನು ಕಾಯುತ್ತಿದ್ದರು? ಅಜ್ಜಿಯ ಎದೆ ಸವೆದದ್ದು ವಯಸ್ಸಿನಿಂದ ಅಲ್ಲ, ತನ್ನ ಮೆಲುವಾದ ಎಳೆತದಿಂದ ಎಂದು ಅವಳಿಗೆ ಒಮ್ಮೆಲೇ ಅನ್ನಿಸಿ, ಅದು ಪೂರ್ತಿ ನಿಜವಲ್ಲವೆಂದು ಗೊತ್ತಿದ್ದೂ, ನಿಜವಲ್ಲದ ಪಾಲು ಎಷ್ಟೆಂದು ಬಿಡಿಸಿ ನೋಡುವ ಧೈರ್ಯ ಬರಲಿಲ್ಲ.

ಮಾತಿನಲ್ಲೇ ಹೇಳಿಬಿಡಬೇಕು. ಮಡಚಲು ನಿಲ್ಲುವ ಮೊದಲೇ. ಅಜ್ಜಿ ಎದ್ದು ಮುಖ ತೊಳೆದು, ಒದ್ದೆ ಕೈಯಿಂದ ಕೂದಲು ಹಿಂದಕ್ಕೆ ಸವರಿಕೊಳ್ಳುತ್ತಿದ್ದಳು. ಅವಳು ಹತ್ತಿರ ಹೋಗಿ ನಿಂತಳು. ಶಾಲೆಯ ಬೆಂಚಿನ ಪಕ್ಕ ನಿಂತ ಹಾಗೆಯೇ.

“ಅಜ್ಜಿ, ನನ್ನ ಕೈ ಚೆನ್ನಾಗೇ ಇದೆ.”

ಅಜ್ಜಿ ಇಸ್ತ್ರಿಯ ಕೋಣೆಯ ಕಡೆ ಒಂದು ನೋಟ ಎಸೆದಳು. “ಆ ತೂತು ಮಡಕೆ ಏನು ಸುರೀತು?”

“ಏನಿಲ್ಲ. ಚೆನ್ನಾಗಿದೆ ಅಂತ ಹೇಳಿದೆ.”

“ಚೆನ್ನಾಗಿಲ್ಲ ಅಂತ ನಾನು ಯಾವಾಗಂದೆ? ಹೌದಮ್ಮ, ಚೆನ್ನಾಗಿದೆ. ಪೈಲ್ವಾನಳು ನೀನು.” ಅಜ್ಜಿ ಅವಳ ಮಣಿಕಟ್ಟನ್ನು ಹಿಡಿದು, ಹಕ್ಕಿಯನ್ನು ಹಿಡಿದ ಹಾಗೆ ಹಿಡಿದು, ಹೆಬ್ಬೆರಳಿನಿಂದ ನೀವಿದಳು. “ನಿಮ್ಮ ತಾತನೂ ಹಾಗೇ. ಜ್ವರ ಸುಡ್ತಿದ್ರೂ ನನಗೇನಾಗಿದೆ ಅನ್ನೋರು. ಚಿಂತೆ ಮಾಡ್ಬೇಡ, ನಾನಿದೀನಲ್ಲ. ನಾನಿರೋವರೆಗೂ ನಿನ್ನನ್ನ ಯಾರೂ ಅಲ್ಲಾಡ್ಸಲ್ಲ.”

ಆ ಬೆರಳುಗಳು ತಣ್ಣಗಿದ್ದವು, ಹಗುರಾಗಿದ್ದವು. ನೀವುತ್ತಿದ್ದರೂ ಒತ್ತುವ ಬಲ ಅವುಗಳಲ್ಲಿರಲಿಲ್ಲ. ಅಜ್ಜಿ, ಅದು ಸುಳ್ಳು, ನಾನು ಬೇಕಂತಲೇ ಮುಗ್ಗರಿಸಿದೆ ಎನ್ನಬೇಕಿತ್ತು. ಯಾಕೆ ಎಂದು ಅಜ್ಜಿ ಕೇಳುತ್ತಾಳೆ. ಅದರ ಉತ್ತರವನ್ನು ಹೇಳುವ ಬಾಯಿ ಅವಳಿಗೆ ಇರಲಿಲ್ಲ. ಟೀಚರು ಹೇಳಿದ್ದು ಸರಿಯೇ ಇತ್ತು.

ಆಸ್ಪತ್ರೆಯ ಶೀಟುಗಳಿಂದ ಶುರುಮಾಡಿದರು. ಚಿಕ್ಕವು, ಹಗುರಾದವು. ಮೊದಲನೆಯದಕ್ಕೆ ಎಳೆಯುತ್ತೇನೆ ಎಂದುಕೊಂಡಳು, ಎಳೆಯಲಿಲ್ಲ. ಕೈಗಳು ತಮ್ಮ ಹೊಸ ಪಾಠವನ್ನು ಮರೆಯಲು ಒಪ್ಪಲಿಲ್ಲ; ಮೆಲ್ಲಗೆ ಹಿಡಿದವು, ಮೆಲ್ಲಗೆ ಬಿಟ್ಟವು. ಇದಕ್ಕೆ ಆಗಲಿಲ್ಲ, ಮುಂದಿನದಕ್ಕೆ ಎಂದುಕೊಂಡಳು. ಎದುರಿಗೆ ಅಜ್ಜಿಯ ತುಟಿಯ ಸುತ್ತ ನೀಲಿ ಛಾಯೆ. ಅದು ಕಿಟಕಿಯ ಬೆಳಕಿರಬಹುದು. ಅಜ್ಜಿ ನಡೆದುಬರುತ್ತಿದ್ದಳು, ಮೂಲೆ ದಾಟಿಸುತ್ತಿದ್ದಳು, ಅವಳು ಬಗ್ಗುವ ಮುಂಚೆ ತಾನೇ ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಳ್ಳುತ್ತಿದ್ದಳು, ಮೊಮ್ಮಗಳಿಗೆ ಬಗ್ಗುವ ಕಷ್ಟ ಬೇಡವೆಂದು. ಪ್ರತಿ ಸಲ ಏಳುವಾಗ ಉಸಿರಿನಲ್ಲಿ ಆ ಬಟ್ಟೆ ಹರಿಯುವ ಸದ್ದು. ಹರಿಯುತ್ತಿದೆ, ನನಗೋಸ್ಕರ ಹರಿಯುತ್ತಿದೆ. ಮಡಚಿದ ಬಟ್ಟೆಯ ರಾಶಿ ಏರುತ್ತ ಹೋಗಿ ಲಾಡ್ಜಿನವು ಬಂದವು. ಜೋಡಿ ಹಾಸಿಗೆಯ ದೊಡ್ಡ ಶೀಟು, ತೊಳೆದರೂ ಭಾರ ಕಳೆಯದ ದಪ್ಪ ಬಟ್ಟೆ. ಅಜ್ಜಿ ಎರಡು ಮೂಲೆ ಹಿಡಿದು ಹಿಂದೆ ಹಿಂದೆ ಹೋಗಿ ಗೋಡೆಯ ಹತ್ತಿರ ನಿಂತಳು. ಅಷ್ಟು ದೂರದಿಂದ ಅವಳು ಚಿಕ್ಕ ಹುಡುಗಿಯಂತೆ ಕಂಡಳು, ದೊಡ್ಡವರ ಬಟ್ಟೆ ಹಿಡಿದುಕೊಂಡು ನಿಂತ ಹುಡುಗಿ. “ಹಿಡ್ಕೊಂಡ್ಯಾ? ಮೆಲ್ಲಗೆ ಆಯ್ತಾ, ನಿನಗೆ ಭಾರ ಇದು” ಎಂದಳು.

ಅವಳು ಕಾಲೂರಿ, ಹಿಂದಕ್ಕೆ ವಾಲಿ, ಎಳೆದಳು.

ಶೀಟು ಅಜ್ಜಿಯ ಕೈಯಿಂದ ಕಿತ್ತುಕೊಂಡು ಗಾಳಿಯಲ್ಲಿ ಉಬ್ಬಿ ಇಡೀ ಕೋಣೆಯನ್ನು ದಾಟಿ ಅವಳ ತಲೆಯ ಮೇಲೆ, ಮುಖದ ಮೇಲೆ ಬಂದು ಬಿತ್ತು. ಒಳಗೆ ಬಿಳಿ ಕತ್ತಲೆ, ಬಿಸಿಲಿನ ವಾಸನೆ. ಹೊರಗೆ ಏನೂ ಸದ್ದಿಲ್ಲ. ಇಸ್ತ್ರಿಯ ಹಬೆ ಕೂಡ ನಿಂತಂತಿತ್ತು. ಆ ಬಟ್ಟೆಯೊಳಗೇ ಇದ್ದುಬಿಡಬೇಕು ಎನ್ನಿಸಿತು. ಅದನ್ನು ಎಳೆದುಕೊಂಡು ಮುಖ ಹೊರಗೆ ತೆಗೆದಾಗ ಅಜ್ಜಿ ಅಲ್ಲೇ ನಿಂತಿದ್ದಳು. ಎರಡು ಕೈಗಳೂ ಎದೆಯ ಮಟ್ಟಕ್ಕೆ ಎತ್ತಿದಂತೆಯೇ ಇದ್ದವು, ಹೆಬ್ಬೆರಳು ತೋರುಬೆರಳು ಕೂಡಿದಂತೆಯೇ ಇದ್ದವು, ನಡುವೆ ಏನೂ ಇರಲಿಲ್ಲ. ಅಜ್ಜಿ ಆ ಬೆರಳುಗಳನ್ನು ನೋಡಿದಳು. ಆಮೇಲೆ ಮೊಮ್ಮಗಳ ಕಾಲುಗಳನ್ನು ನೋಡಿದಳು. ಅವು ಒಂದಿಷ್ಟೂ ಅಲುಗಿರಲಿಲ್ಲ.

“ಹಾಗಾದ್ರೆ,” ಎಂದಳು. ಬರಿಗೈಗಳನ್ನು ಕೆಳಗಿಳಿಸಿದಳು. “ಹಾಗಾದ್ರೆ ನೀನು ಮುಗ್ಗರಿಸ್ತಿದ್ದದ್ದು?”

ಅವಳು ಬಟ್ಟೆಯ ರಾಶಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಕಣ್ಣಿನಿಂದ ಇಳಿದದ್ದು ತೊಳೆದ ಬಟ್ಟೆಗೆ ತಾಗಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿದಳು.

“ಬೆಳಿಗ್ಗೆ ಬೆಕ್ಕು ಬಿಳೀದು ಅಂದ್ಯಲ್ಲ,” ಅಜ್ಜಿಯ ದನಿ ಮೆತ್ತಗಿತ್ತು, ತನಗೆ ತಾನೇ ಹೇಳಿಕೊಳ್ಳುವಂತೆ. “ಬೆಕ್ಕೇ ಇರಲಿಲ್ಲ ಕಣೇ. ನಾನು ಉಸಿರು ತಗೊಳ್ಳೋಕೆ ನಿಂತಿದ್ದೆ. ಅಯ್ಯೋ, ಕೈಯಂತೂ ಹೋಯ್ತು, ಹುಡುಗಿಗೆ ಕಣ್ಣೂ ಹೋಯ್ತಾ ಅಂತ ಬೆಳಗಿಂದ ನನ್ನ ಜೀವ ಬಾಯಿಗೆ ಬಂದಿತ್ತು.” ನಗು ಬಂತು ಅವಳಿಗೆ, ಬಂದದ್ದು ಅರ್ಧಕ್ಕೆ ಕೆಮ್ಮಾಯಿತು. ಕೆಮ್ಮು ಮುಗಿದ ಮೇಲೆ, “ಕಳ್ಳಿ” ಎಂದಳು. ಅದಕ್ಕಿಂತ ಮೃದುವಾಗಿ ಅಜ್ಜಿ ಅವಳನ್ನು ಯಾವತ್ತೂ ಏನೂ ಕರೆದಿರಲಿಲ್ಲ.

ಆಮೇಲೆ ಅಜ್ಜಿ ಸುತ್ತ ನೋಡಿ, ಒಂದು ಬುಟ್ಟಿಯನ್ನು ಕಾಲಿನಿಂದ ಎಳೆದುಕೊಂಡು, ಬೋರಲು ಹಾಕಿ, ಅದರ ಮೇಲೆ ಕೂತಳು. ಕೆಲಸದ ಹೊತ್ತಿನಲ್ಲಿ, ಆ ಕೋಣೆಯಲ್ಲಿ, ಅಜ್ಜಿ ಕೂತದ್ದನ್ನು ಅವಳು ಮೊದಲ ಸಲ ನೋಡಿದಳು. ಕೂತವಳು ಹೆಗಲು ಇಳಿಬಿಟ್ಟು, ಬೆನ್ನನ್ನು ಗೋಡೆಗೆ ಕೊಟ್ಟು, ಇಷ್ಟು ದಿನ ಎಲ್ಲೋ ಬಿಗಿದು ಕಟ್ಟಿದ್ದನ್ನು ಬಿಚ್ಚಿಟ್ಟವಳ ಹಾಗೆ ನೋಡನೋಡುತ್ತ ಮುದುಕಿಯಾದಳು. ದೊಡ್ಡ ಶೀಟು ಮೊಮ್ಮಗಳ ಕೈಯಲ್ಲಿ ಮುದ್ದೆಯಾಗಿತ್ತು. ಒಬ್ಬಳೇ ಮಡಚಲು ಬರುವುದಲ್ಲ ಅದು. ಎರಡು ಮೂಲೆ ಹುಡುಕಿ ಹಿಡಿದಳು. ಮಿಕ್ಕ ಎರಡು ನೆಲದ ಮೇಲೆ ಎಳೆದಾಡಿದವು. ಏನು ಮಾಡುವುದೆಂದು ತಿಳಿಯದೆ ಅಜ್ಜಿ ಇದ್ದ ಗೋಡೆಯ ಕಡೆಗೇ ಅದನ್ನು ಚಾಚಿ ನಿಂತಳು.

“ಏಯ್ ತೂತು ಮಡಕೆ!” ಅಜ್ಜಿ ಕೂತಲ್ಲಿಂದಲೇ ಪಕ್ಕದ ಕೋಣೆಗೆ ಕೂಗಿದಳು. ದನಿ ಮಾತ್ರ ಇನ್ನೂ ಹಳೆಯದೇ. “ಆ ಪೆಟ್ಟಿಗೆ ಪಕ್ಕಕ್ಕಿಟ್ಟು ಬಾ ಇಲ್ಲಿ. ಆಚೆ ತುದಿ ಹಿಡ್ಕೋ.”

ಇಸ್ತ್ರಿ ಅಕ್ಕ ಸೆರೆಸಿಕ್ಕವಳ ಹಾಗೆ ಬಂದು, ಇಬ್ಬರ ಮುಖವನ್ನೂ ನೋಡಿ, ಎಂದೂ ಇಲ್ಲದಂತೆ ಏನೂ ಕೇಳದೆ ಮೂಲೆಗಳನ್ನು ಎತ್ತಿಕೊಂಡಳು.

“ಹುಷಾರು,” ಎಂದಳು ಅಜ್ಜಿ. “ನಮ್ಮ ಹುಡುಗಿ ಎಳೀತಾಳೆ.”

ಅವಳು ಎಳೆದಳು. ಪಟ್ ಎಂದು ಸುಕ್ಕು ಬಿಟ್ಟುಕೊಂಡಿತು. ಇಸ್ತ್ರಿ ಅಕ್ಕ ಒಂದು ಹೆಜ್ಜೆ ಮುಂದೆ ಮುಗ್ಗರಿಸಿ “ಅಯ್ಯಮ್ಮ” ಎಂದಳು, ನಿಜವಾಗಿಯೇ ಮುಗ್ಗರಿಸಿದ್ದಳು. ಅಜ್ಜಿ ನಕ್ಕಳು. ಅರ್ಧ ಮಾಡಿದರು, ಮತ್ತೆ ಎಳೆದರು, ನಡೆದು ಬಂದರು, ಅವಳಿಗೆ ಗೊತ್ತಿಲ್ಲದ ಒರಟು ಬೆರಳುಗಳಿಂದ ಮೂಲೆ ಅವಳ ಬೆರಳಿಗೆ ದಾಟಿತು. ಅವಳು ಅಜ್ಜಿಯ ಕಡೆ ನೇರ ನೋಡಲಿಲ್ಲ. ಓರೆಗಣ್ಣಿಗೆ ಕಂಡದ್ದು ಅಜ್ಜಿಯ ಮಡಿಲಷ್ಟೇ. ಅದರ ಮೇಲೆ ಎರಡು ಕೈಗಳು, ತೊಟ್ಟ ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಇವಳು ಎಳೆದಾಗಲೆಲ್ಲ ಬಿಗಿಯುತ್ತಿದ್ದವು, ಇವಳು ಸಡಿಲ ಬಿಟ್ಟಾಗ ಬಿಡುತ್ತಿದ್ದವು.